ಧರ್ಮಸ್ಥಳದ ನಿದರ್ಶನ ಮತ್ತು ನಮ್ಮ ‘ಸಮನ್ವಯ’: ಒಂದು ವಿಮರ್ಶೆ

ಅಂತರಧರ್ಮೀಯ ಸಂವಾದವನ್ನು ಕುರಿತ ನಮ್ಮ ದೈವಶಾಸ್ತ್ರೀಯ ಬರಹಗಳಲ್ಲಿ ಧರ್ಮಸ್ಥಳದ ಹೆಸರು ಆಗಾಗ ಬರುತ್ತದೆ. ಮಂಜುನಾಥನು ಲಿಂಗರೂಪಿಯಾದ ಶಿವ. ಅರ್ಚಕರು ಮಾಧ್ವ ಸಂಪ್ರದಾಯದ ವೈಷ್ಣವರು. ಧರ್ಮಾಧಿಕಾರವು ಜೈನ ಹೆಗ್ಗಡೆ ಮನೆತನದ್ದು. ಅಲ್ಲಿಯೇ ಚಂದ್ರನಾಥ ಬಸದಿಯಿದೆ, ಧರ್ಮದೈವಗಳ ಆರಾಧನೆಯಿದೆ, 1982ರಲ್ಲಿ ಪ್ರತಿಷ್ಠಾಪಿತವಾದ 39 ಅಡಿಯ ಬಾಹುಬಲಿ ಇದ್ದಾನೆ. ಇಷ್ಟನ್ನು ವಿವರಿಸಿ, ಇದೇ ಸರ್ವಧರ್ಮ ಸಮನ್ವಯ, ಸಭೆಯು ಇದರಿಂದ ಕಲಿಯಬೇಕು ಎಂದು ಮುಗಿಸುವುದು ವಾಡಿಕೆ. ಕಲಿಯಬೇಕೆಂಬುದರಲ್ಲಿ ತಕರಾರಿಲ್ಲ, ಏನನ್ನು ಕಲಿಯಬೇಕೆಂಬುದೇ ಪ್ರಶ್ನೆ.

ಸಮನ್ವಯವೆಂಬ ಮಾತು ಗಡಿ ಅಳಿದುಹೋಗಿದೆ ಎಂಬ ಭಾವನೆಯನ್ನು ಹುಟ್ಟಿಸುತ್ತದೆ. ಧರ್ಮಸ್ಥಳದಲ್ಲಿ ಆಗಿರುವುದು ಹಾಗಲ್ಲ. ಕ್ಷೇತ್ರದ ಐತಿಹ್ಯದ ಪ್ರಕಾರ ಜೈನನಾದ ಬಿರ್ಮಣ್ಣ ಪೆರ್ಗಡೆಯ ನೆಲ್ಯಾಡಿ ಬೀಡಿಗೆ ಬಂದು ನೆಲೆ ಬೇಡಿದವು ದೈವಗಳು. ಕದ್ರಿಯಿಂದ ಲಿಂಗವನ್ನು ತಂದವನು ಅಣ್ಣಪ್ಪ. ಅದನ್ನು ವಿಧಿವತ್ತಾಗಿ ಪ್ರತಿಷ್ಠಾಪಿಸಿದವರು ವಾದಿರಾಜರು. ಕಥೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರ್ಯ. ಇಂದಿಗೂ ಪೂಜೆ ಅರ್ಚಕರದು, ಆಡಳಿತವೂ ದಾನಧರ್ಮವೂ ಹೆಗ್ಗಡೆಯವರದು. ಅರ್ಚಕನು ಜೈನನಾಗಬೇಕಿಲ್ಲ, ಹೆಗ್ಗಡೆಯವರು ಶೈವರಾಗಬೇಕಿಲ್ಲ. ಗಡಿಯು ಇಲ್ಲಿ ಹೊಣೆಗಾರಿಕೆಗಳ ಹಂಚಿಕೆಯಾಗಿ ಉಳಿದುಕೊಂಡಿದೆ.

ಹಾಗಾದರೆ ಜೈನ ಶ್ರಾವಕನೊಬ್ಬನು ಜಿನನಲ್ಲದ ದೇವತೆಯ ಮುಂದೆ ಕೈಮುಗಿಯುವುದನ್ನು ಅವನ ಧರ್ಮ ಹೇಗೆ ಅರ್ಥಮಾಡಿಕೊಳ್ಳುತ್ತದೆ? ನಮ್ಮ ಲೇಖಕರು ಈ ಪ್ರಶ್ನೆಯನ್ನು ಕೇಳುವುದೇ ವಿರಳ. ಜೈನ ಆಚಾರ್ಯರು ಅದನ್ನು ಬಹು ಹಿಂದೆಯೇ ಕೇಳಿದ್ದರು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ವರದ ಆಸೆಯಿಂದ ರಾಗದ್ವೇಷಗಳುಳ್ಳ ದೇವತೆಗಳನ್ನು ಉಪಾಸಿಸುವುದನ್ನು ದೇವಮೂಢತೆ ಎಂದು ಕರೆಯುತ್ತದೆ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಯ ನಿಲುವು ಇನ್ನೂ ಸೂಕ್ಷ್ಮ. ಸಮ್ಯಕ್ತ್ವಕ್ಕೆ ಹಾನಿಯಿಲ್ಲದ, ವ್ರತಕ್ಕೆ ಕಳಂಕ ತಾರದ ಲೌಕಿಕ ವಿಧಿಗಳೆಲ್ಲ ಜೈನರಿಗೆ ಸಮ್ಮತವೆಂದು ಅವನು ಒಪ್ಪುತ್ತಾನೆ. ಆದರೆ ಜಿನನನ್ನೂ ವ್ಯಂತರ ದೇವತೆಗಳನ್ನೂ ಪೂಜೆಯಲ್ಲಿ ಸಮಾನವಾಗಿ ಕಾಣುವವನಿಗೆ ಅಧೋಗತಿಯೆಂದು ಎಚ್ಚರಿಸುತ್ತಾನೆ.

ಈ ಎರಡನೆಯ ಮಾತಿನಲ್ಲಿಯೇ ಕೀಲಿಯಿದೆ. ತೀರ್ಥಂಕರನು ಯಾರಿಗೂ ಏನನ್ನೂ ಕೊಡುವುದಿಲ್ಲ. ಅವನು ದಾಟಿಹೋದವನು, ದಾರಿ ತೋರಿದವನು. ಮಳೆ, ಸಂತಾನ, ಆರೋಗ್ಯಗಳಿಗಾಗಿ ಭಕ್ತನು ಮೊರೆಯಿಡುವುದು ಹುಂಚದ ಪದ್ಮಾವತಿಯಂಥ ಯಕ್ಷಿಯರಿಗೆ, ಕ್ಷೇತ್ರಪಾಲರಿಗೆ. ಹುಂಚಕ್ಕೆ ಜೈನೇತರರೂ ಹರಕೆ ಹೊತ್ತು ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಮೋಕ್ಷದ ಆದರ್ಶ ಒಂದೆಡೆ, ಲೋಕದ ಕೊಡುಕೊಳೆ ಇನ್ನೊಂದೆಡೆ. ಈ ಎರಡನೆಯ ಅಂಗಳದಲ್ಲಿ ನೆರೆಯವರ ದೇವರಿಗೂ ಜಾಗ ಸಿಗುತ್ತದೆ. ಇದನ್ನು ಬೆರಕೆ ಭಕ್ತಿಯೆಂದು ಹಳಿಯುವುದೂ ತಪ್ಪು, ಎಲ್ಲ ದೇವರೂ ಒಂದೇ ಎಂಬ ತತ್ತ್ವಕ್ಕೆ ಸಾಕ್ಷಿಯೆಂದು ಕೊಂಡಾಡುವುದೂ ತಪ್ಪು. ಎಲ್ಲರೂ ಒಂದೇ ಅಲ್ಲವೆಂಬ ತಿಳಿವಳಿಕೆಯೇ ಅದರ ತಳಹದಿ.

ಸಭೆಗೆ ಇಂಥ ಎರಡು ಅಂಗಳಗಳಿಲ್ಲ. ನಾವು ಅನುದಿನದ ಆಹಾರವನ್ನೂ ಪಾಪಕ್ಷಮೆಯನ್ನೂ ಒಂದೇ ಪ್ರಾರ್ಥನೆಯಲ್ಲಿ, ಒಬ್ಬ ತಂದೆಯಲ್ಲಿಯೇ ಬೇಡುತ್ತೇವೆ. ಆದ್ದರಿಂದ ಜೈನರು ತಮ್ಮ ನಂಬಿಕೆಗೆ ನಿಷ್ಠರಾಗಿದ್ದುಕೊಂಡೇ ಮಾಡಬಲ್ಲದ್ದನ್ನು ನಾವು ಮಾಡಹೊರಟರೆ ಅದರ ಅರ್ಥ ಬೇರೆಯಾಗುತ್ತದೆ. ಆಚರಣೆಯನ್ನು ಎರವಲು ತರುವವರು ಅದರ ಹಿಂದಿನ ಸಿದ್ಧಾಂತವನ್ನೂ ತರುತ್ತಿದ್ದೇವೆಯೇ ಎಂದು ನೋಡಿಕೊಳ್ಳಬೇಕು.

ಸಮನ್ವಯದ ಇನ್ನೊಂದು ಸಾಕ್ಷಿಯಾಗಿ ಉಲ್ಲೇಖಗೊಳ್ಳುವುದು ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ 1368ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವಾಗಿ, ತಮಗಾದ ಅನ್ಯಾಯವನ್ನು ಜೈನರು ಅರಸನಲ್ಲಿ ಬಿನ್ನವಿಸಿಕೊಂಡರು. ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರದೆಂದು ಸಾರಿದನು. ಎಷ್ಟು ಓದಿದರೂ ಮನಸ್ಸನ್ನು ಮುಟ್ಟುವ ಸಂದರ್ಭವಿದು. ಆದರೆ ಶಾಸನವನ್ನು ಪೂರ್ತಿ ಓದಬೇಕು. ಅದು ಆರಂಭವಾಗುವುದು ರಾಮಾನುಜರ ಸ್ತುತಿಯಿಂದ, ಅದೂ ಪಾಷಂಡರೆಂಬ ಕಡಲಿಗೆ ಅವರನ್ನು ಬಡಬಾಗ್ನಿಯಾಗಿ ಕಾಣುವ ಸ್ತುತಿಯಿಂದ. ಬೆಳಗೊಳದ ಕಾವಲಿಗೆ ಇಪ್ಪತ್ತು ಮಂದಿಯನ್ನು ನೇಮಿಸುವವರು ತಿರುಮಲೆಯ ತಾತಯ್ಯ. ಅದಕ್ಕಾಗಿ ವರ್ಷಕ್ಕೆ ಮನೆಗೊಂದು ಹಣ ಕೊಡಬೇಕಾದವರು ಜೈನರು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದೂ ಇದೆ, ನಿಜ. ಆದರೂ ಸೌಹಾರ್ದದ ಖರ್ಚು ಯಾರ ಹೆಗಲಿಗೆ ಬಿತ್ತೆಂಬುದು ಕಲ್ಲಿನ ಮೇಲೆಯೇ ಇದೆ. ತಾನೂ ಅಲ್ಪಸಂಖ್ಯಾತವಾಗಿರುವ ಸಭೆಯು ಆ ಸಾಲುಗಳನ್ನು ಬಿಟ್ಟು ಓದಬಾರದಿತ್ತು.

ಹಾಗೆಂದು ಬಾಗಿಲು ಮುಚ್ಚಿ ಕುಳಿತುಕೊಳ್ಳಬೇಕೆಂದು ಸತ್ಯವೇದ ಹೇಳುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಪೌಲನು ಎರಡು ಮೇಜುಗಳಲ್ಲಿ ಪಾಲುಗಾರಿಕೆ ಸಲ್ಲದೆಂದು ಖಂಡಿತವಾಗಿ ನುಡಿಯುತ್ತಾನೆ. ಅದೇ ಅಧ್ಯಾಯದಲ್ಲಿ ಅನ್ಯಜನರ ಮನೆಯ ಊಟಕ್ಕೆ ಹೋಗಲು, ಬಡಿಸಿದ್ದನ್ನು ವಿಚಾರಿಸದೆ ಉಣ್ಣಲು ಬಿಡುತ್ತಾನೆ. ಆರಾಧನೆಗೂ ನೆರೆಹೊರೆತನಕ್ಕೂ ನಡುವೆ ಅವನು ಎಳೆದ ಗೆರೆ ನಮ್ಮ ಊರುಗಳಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅಜ್ಜಿಯ ಮನೆಯಲ್ಲಿ ಬಡಿಸುವ ಪ್ರಸಾದ ಯಾವ ಕಡೆಗೆ ಸೇರಿದ್ದು? ಹೊಸದಾಗಿ ದೀಕ್ಷಾಸ್ನಾನ ಹೊಂದಿದ ಸೊಸೆಗೆ ಇದು ಪಾಠಶಾಲೆಯ ಪ್ರಶ್ನೆಯಲ್ಲ.

ಅಂಥವಳಿಗೆ ಸಮನ್ವಯದ ಉಪನ್ಯಾಸಕ್ಕಿಂತ ನಾಮಾನನ ಕಥೆ ಹತ್ತಿರವಾದೀತು. ಎರಡನೆಯ ಅರಸುಗಳ ಐದನೆಯ ಅಧ್ಯಾಯದಲ್ಲಿ, ಇಸ್ರಾಯೇಲಿನ ದೇವರನ್ನಲ್ಲದೆ ಇನ್ನಾರಿಗೂ ಯಜ್ಞ ಸಲ್ಲಿಸುವುದಿಲ್ಲವೆಂದು ನಿಶ್ಚಯಿಸಿದವನೇ, ತನ್ನ ಒಡೆಯನು ಕೈಗೆ ಆತುಕೊಂಡು ರಿಮ್ಮೋನನ ಗುಡಿಯಲ್ಲಿ ಅಡ್ಡಬೀಳುವಾಗ ತಾನೂ ಬಗ್ಗಬೇಕಾಗುತ್ತದೆಂದು ಹೇಳಿ ಮುಂದಾಗಿಯೇ ಕ್ಷಮೆ ಬೇಡುತ್ತಾನೆ. ಎಲೀಷನು ಆಗಬಹುದೆನ್ನಲಿಲ್ಲ, ಕೂಡದೆನ್ನಲೂ ಇಲ್ಲ. ಸಮಾಧಾನದಿಂದ ಹೋಗೆಂದು ಅವನನ್ನು ಕಳುಹಿಸಿಕೊಟ್ಟನು.