ಹಣೆಬರಹ ಓದುವ ಯಂತ್ರ

ಯಂತ್ರಕ್ಕೆ ಬುದ್ಧಿ ಬಂದಿದೆಯಾ, ಬಂದಿದ್ದರೆ ಸ್ವಂತ ಇಚ್ಛೆಯೂ ಬರುತ್ತದಾ ಎಂಬ ಚರ್ಚೆ ಈಗ ನಮ್ಮ ಕಾಲೇಜುಗಳ ವಿಚಾರ ಸಂಕಿರಣಗಳಿಗೂ ಬಂದಿದೆ. ಅದರ ಬೆನ್ನಿಗೇ, ಮನುಷ್ಯನ ಇಚ್ಛೆಯಾದರೂ ಸ್ವತಂತ್ರವೇ ಎಂದು ಕೇಳಲಾಗುತ್ತದೆ. ಪ್ರಶ್ನೆ ಸಣ್ಣದೆಂದು ನಾನು ಹೇಳುತ್ತಿಲ್ಲ. ಆದರೆ ಕೇಳುವವರು ಯಾರು ಎಂಬುದನ್ನೂ ನೋಡಬೇಕಾಗುತ್ತದೆ. ತನ್ನ ಇಚ್ಛೆಯನ್ನು ಯಾರೂ ಎಂದೂ ಪ್ರಶ್ನಿಸದವನಿಗೆ ಇದು ತತ್ವಶಾಸ್ತ್ರ. ‘ಇಂಥ ಕೆಲಸಕ್ಕೇ ಹುಟ್ಟಿದವರು’ ಅಂತ ಹುಟ್ಟುವ ಮೊದಲೇ ತೀರ್ಮಾನವಾಗಿದ್ದ ಕೇರಿಯವರಿಗೆ ಇದು ದಿನದ ಕೂಲಿಯ ಪ್ರಶ್ನೆ.

1950ರಲ್ಲಿ ಅಲನ್ ಟ್ಯೂರಿಂಗ್ ಒಂದು ಪರೀಕ್ಷೆಯನ್ನು ಸೂಚಿಸಿದ. ಉತ್ತರಿಸುವವರು ಬೇರೆ ಕೋಣೆಯಲ್ಲಿರಬೇಕು. ಮುಖ ಕಾಣದೆ, ದನಿ ಕೇಳದೆ, ಅಕ್ಷರದಲ್ಲಿ ಬಂದ ಉತ್ತರದಿಂದಲೇ ಅದು ಮನುಷ್ಯನೋ ಯಂತ್ರವೋ ಹೇಳಬೇಕು. ಯಂತ್ರಕ್ಕೆ ಸಿಕ್ಕ ಈ ಮರೆ ನಮ್ಮವರಿಗೆ ಸಿಗಲಿಲ್ಲ. ನಮ್ಮಲ್ಲಿ ಮೊದಲು ಊರು ಕೇಳುತ್ತಾರೆ, ಆಮೇಲೆ ಬೀದಿ, ಆಮೇಲೆ ಅಪ್ಪನ ಹೆಸರು. ಏನು ಉತ್ತರ ಕೊಟ್ಟ ಅನ್ನೋದು ಕಟ್ಟಕಡೆಗೆ.

ನನ್ನ ಸೀಮೆಯಾದ ಸಕಲೇಶಪುರ, ಆಲೂರಿನಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಲ್ಲಿನ ಕಾಫಿ ತೋಟಗಳಲ್ಲಿ ಕಾಡಾನೆಗಳು ವರ್ಷಗಳಿಂದ ಓಡಾಡುತ್ತಿವೆ. ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಅದರ ನಂತರ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಬೇರೆ ಆನೆಗಳು ಬಂದವು. ಆಮೇಲೆ ತಂತ್ರಜ್ಞಾನ ಬಂತು. ಹಿಂಡಿನ ಹೆಣ್ಣಾನೆಗಳ ಕೊರಳಿಗೆ ರೇಡಿಯೊ ಕಾಲರ್ ಹಾಕಿದರು. ಬೀಟಮ್ಮ, ಭುವನೇಶ್ವರಿ ಅಂತ ಹಿಂಡುಗಳಿಗೆ ಹೆಸರೂ ಬಂದವು. ಹಿಂಡು ಎಲ್ಲಿದೆಯೆಂದು ಮೊಬೈಲಿಗೆ ಸಂದೇಶ, ರಸ್ತೆ ಬದಿಯಲ್ಲಿ ಸೂಚನಾ ಫಲಕ. ಇದರಿಂದ ಜೀವ ಉಳಿದಿವೆ. ಅದನ್ನು ಅಲ್ಲಗಳೆಯುವವನು ತೋಟದ ದಾರಿಯಲ್ಲಿ ಬೆಳಗಿನ ಮಂಜಿನೊಳಗೆ ನಡೆದವನಲ್ಲ.

ಆದರೂ ಆನೆ ತುಳಿತಕ್ಕೆ ಸಿಕ್ಕವರಲ್ಲಿ ತೋಟದ ಕೂಲಿಗಳು ಮತ್ತೆ ಮತ್ತೆ ಯಾಕೆ ಬರುತ್ತಾರೆ? ಲೈನ್ ಮನೆಯಲ್ಲಿರುವ ನಮ್ಮ ಚಿಕ್ಕವ್ವನನ್ನು ಕೇಳಿದೆ. ‘ಮೆಸೇಜು ಬರ್ತದಪ್ಪಾ, ಬರಲ್ಲ ಅಂತ ಯಾರಂದ್ರು? ಆನೆ ಐತೆ, ಉಷಾರು ಅಂತ ಬರ್ತದೆ. ಕೆಲ್ಸಕ್ಕೆ ಬರಬ್ಯಾಡಿ, ಸಂಬಳ ಕೊಡ್ತೀವಿ ಅಂತ ಬರಲ್ಲ.’

ಇಚ್ಛಾಸ್ವಾತಂತ್ರ್ಯದ ಬಗ್ಗೆ ನಾನು ಓದಿದ ಅನೇಕ ಪುಸ್ತಕಗಳಲ್ಲಿ ಇಲ್ಲದ ಮಾತು ಇದರಲ್ಲಿದೆ. ತಿಳಿವಳಿಕೆ ಆಕೆಗೆ ತಲುಪಿದೆ. ಆ ತಿಳಿವಳಿಕೆಯ ಮೇಲೆ ನಡೆಯುವ ಅಧಿಕಾರ ತಲುಪಿಲ್ಲ. ಅದೇ ಸಂದೇಶ ತೋಟದ ಮಾಲೀಕನಿಗೂ ಹೋಗುತ್ತದೆ. ಅವನು ಜೀಪು ತಿರುಗಿಸುತ್ತಾನೆ. ಒಂದೇ ಯಂತ್ರ, ಒಂದೇ ಮಾತು, ಎರಡು ಬಗೆಯ ಇಚ್ಛೆ. ಹಾಗಾದರೆ ಇಚ್ಛೆಯೆಂಬುದು ತಲೆಯೊಳಗಿನ ವಸ್ತು ಮಾತ್ರವಲ್ಲ. ‘ಒಲ್ಲೆ’ ಎಂದ ಮೇಲೂ ಸಂಜೆ ಒಲೆ ಉರಿಯುತ್ತದೆಯೇ ಎಂಬುದರಲ್ಲೂ ಅದು ಇದೆ.

ಇಷ್ಟು ಹೇಳಿದ ಕೂಡಲೇ, ಯಂತ್ರವೇ ಬೇಡ, ಹಳೆಯ ಹಳ್ಳಿಯೇ ಚೆನ್ನ ಎನ್ನುವ ಸಜ್ಜನರು ನಮ್ಮ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಅವರಿಂದ ದೂರ ಇರುವುದು ಒಳ್ಳೆಯದು. ಗಾಂಧೀಜಿ 1909ರ ‘ಹಿಂದ್ ಸ್ವರಾಜ್’ನಲ್ಲಿ ಯಂತ್ರ ನಾಗರಿಕತೆಯನ್ನು ಖಂಡಿಸಿದರು. ಅಂಬೇಡ್ಕರ್ 1945ರಲ್ಲಿ, ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳಿದ ಪುಸ್ತಕದಲ್ಲಿ, ಇದಕ್ಕೆ ಉತ್ತರ ಕೊಟ್ಟರು. ಮನುಷ್ಯ ಪಶುವಿನಂತೆ ದುಡಿಯುವುದು ತಪ್ಪಿ ಅವನಿಗೆ ಬಿಡುವು ಸಿಗಬೇಕಾದರೆ ಯಂತ್ರ ಬೇಕು; ದೋಷವಿರುವುದು ಅದರ ಲಾಭವನ್ನು ಕೆಲವರಿಗೇ ಉಳಿಸುವ ಸಮಾಜ ವ್ಯವಸ್ಥೆಯಲ್ಲಿ ಎಂಬುದು ಅವರ ವಾದ. ಮಲ ಹೊತ್ತವರ ಮಕ್ಕಳು ಯಂತ್ರವನ್ನು ಯಾಕೆ ದ್ವೇಷಿಸಬೇಕು?

ದ್ವೇಷಿಸಬೇಕಿಲ್ಲ, ಆದರೆ ಪರೀಕ್ಷಿಸಬೇಕು. ಕೃತಕ ಬುದ್ಧಿಮತ್ತೆ ಎಂದು ಈಗ ಕರೆಯುತ್ತಿರುವುದರ ಕಸುಬು ಬಹುಮಟ್ಟಿಗೆ ಇಷ್ಟು: ಆಗಿಹೋದದ್ದರ ರಾಶಿಯಲ್ಲಿ ಜಾಡು ಹುಡುಕಿ, ಮುಂದೆ ಏನು ಬರಬಹುದೆಂದು ಅಂದಾಜು ಮಾಡುವುದು. ಅಮೆಜಾನ್ ಕಂಪನಿ ಹಳೆಯ ಉದ್ಯೋಗ ಅರ್ಜಿಗಳಿಂದ ಕಲಿಸಿದ ಯಂತ್ರ ಹೆಂಗಸರ ಅರ್ಜಿಗಳ ಅಂಕ ಇಳಿಸುತ್ತಿತ್ತೆಂಬುದು 2018ರಲ್ಲಿ ಸುದ್ದಿಯಾಯಿತು. ಹಿಂದೆ ಹೆಚ್ಚಾಗಿ ಗಂಡಸರೇ ಅರ್ಜಿ ಹಾಕಿದ್ದರು, ಅದು ಹಾಗೇ ಕಲಿಯಿತು. ಕಂಪನಿ ಅದನ್ನು ಕೈಬಿಟ್ಟಿತು.

ಹಿಂದಿನದರಿಂದ ಮುಂದಿನದನ್ನು ಹೇಳುವ ಈ ವಿದ್ಯೆ ನಮಗೆ ಹೊಸದಾ? ಕರ್ಮ ಸಿದ್ಧಾಂತ ಮಾಡಿದ್ದೂ ಇದನ್ನೇ. ಹಿಂದಿನ ಜನ್ಮದ ಲೆಕ್ಕ ತೋರಿಸಿ ಈ ಜನ್ಮದ ಕೆಲಸ ಹಂಚಿತು. ಲೆಕ್ಕದ ಪುಸ್ತಕ ಮಾತ್ರ ಯಾರಿಗೂ ತೋರಿಸಲಿಲ್ಲ. ಅಂಬೇಡ್ಕರ್ ತೀರಿಕೊಂಡ ಮೇಲೆ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಇದರ ಮರ್ಮ ಹಿಡಿದಿದ್ದಾರೆ: ಬಡವರ ಸ್ಥಿತಿಗೆ ಅವರ ಪೂರ್ವಜನ್ಮವೇ ಕಾರಣವೆಂದರೆ ರಾಜ್ಯವೂ ಸಮಾಜವೂ ಹೊಣೆಯಿಂದ ಪಾರಾಗುತ್ತವೆ. ‘ಕಂಪ್ಯೂಟರ್ ಹೀಗೆ ಹೇಳಿತು, ನಾವೇನು ಮಾಡೋಣ’ ಅನ್ನುವ ಮಾತೂ ಅದೇ ಜಾತಿಯದು.

1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಅಂಬೇಡ್ಕರ್ ಜೊತೆ ಸಾವಿರಾರು ಜನ ನಡೆದು ನೀರು ಮುಟ್ಟಿದರು. ಅದರ ಹಿಂದಿನ ದಿನದವರೆಗಿನ ನೂರಾರು ವರ್ಷಗಳ ಲೆಕ್ಕವನ್ನೆಲ್ಲ ಯಂತ್ರಕ್ಕೆ ಉಣಿಸಿದ್ದರೆ ಅದು ಏನು ಹೇಳುತ್ತಿತ್ತು? ಇವರು ಮುಟ್ಟುವುದಿಲ್ಲ ಅನ್ನುತ್ತಿತ್ತು. 2015ರಲ್ಲಿ ನಮ್ಮದೇ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಂಗಸರು ಬಸವೇಶ್ವರ ದೇವಸ್ಥಾನದೊಳಗೆ ಕಾಲಿಟ್ಟರು. ಮೇಲ್ಜಾತಿಯವರ ವಿರೋಧವನ್ನೂ ಎದುರಿಸಿದರು. ಲೆಕ್ಕಕ್ಕೆ ಸಿಗದ ಈ ಹೆಜ್ಜೆಯನ್ನೇ ನಾನು ಇಚ್ಛೆ ಎನ್ನುವುದು.

ಸಾಹಿತ್ಯ ವಿಮರ್ಶೆಗೆ ಇದರಲ್ಲಿ ಏನು ಕೆಲಸ ಎಂದು ಕೇಳಬಹುದು. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ನೋಡಿ. ಅಲ್ಲಿ ರಾತ್ರಿ ದೀಪ ಆರಿದ ಮೇಲೆ ಮನೆಮನೆಯ ಜೋತಮ್ಮಗಳು ಒಂದು ಕಡೆ ಸೇರಿ ಮಾತಾಡುತ್ತವೆ. ಜಡವಸ್ತು ಮಾತಾಡುವುದು ನಮ್ಮ ಕಥನಕ್ಕೆ ವಿಚಿತ್ರವೇ ಅಲ್ಲ. ಆದರೆ ಜೋತಮ್ಮ ಆ ಮನೆಯಲ್ಲಿ ಉರಿದವಳು, ಅಲ್ಲಿನ ಹಸಿವು ಕಂಡವಳು. ಅವಳದು ಸಾಕ್ಷಿಯ ಮಾತು. ಇವತ್ತಿನ ಮಾತಾಡುವ ಯಂತ್ರ ಯಾವ ಮನೆಯಲ್ಲೂ ಉರಿದದ್ದಲ್ಲ. ಅದಕ್ಕೆ ಗೊತ್ತಿರುವುದು ದಾಖಲಾದದ್ದು ಮಾತ್ರ. ಕನ್ನಡದಲ್ಲಿ ದಾಖಲೆ ಬರೆದವರು ಯಾರು, ಬರೆಸಿಕೊಂಡವರು ಯಾರು ಎಂಬುದು ಗೊತ್ತಿರುವ ಸಂಗತಿ. ‘ಕುಸುಮಬಾಲೆ’ಯ ಭಾಷೆಯೇ ತಿಳಿಯುವುದಿಲ್ಲ ಎಂದು ಓದುಗರು ಗೊಣಗಿದ್ದುಂಟು. ಆ ಕನ್ನಡ, ನಮ್ಮ ಲೈನ್ ಮನೆಗಳ ಕನ್ನಡ ಯಂತ್ರದ ರಾಶಿಯಲ್ಲಿ ಎಷ್ಟು ಇದ್ದೀತು? ಅದಕ್ಕೆ ಕಲಿಸಿಕೊಟ್ಟರೂ, ಸಾಕ್ಷಿಯ ಜಾಗದಲ್ಲಿ ಅದನ್ನು ಕೂರಿಸಲಾಗದು.

ಆದ್ದರಿಂದ ಯಂತ್ರಕ್ಕೆ ಇಚ್ಛೆ ಇದೆಯೇ ಎಂಬ ಪ್ರಶ್ನೆಯನ್ನು ಬಿಡುವಿರುವವರು ಚರ್ಚಿಸಲಿ, ನಾವೂ ಕೂತು ಕೇಳೋಣ. ದಲಿತ ವಿಮರ್ಶೆ ಕೇಳಬೇಕಾದ್ದು ಬೇರೆ ಇದೆ. ಈ ಯಂತ್ರ ಯಾರ ನಿನ್ನೆಯಿಂದ ಕಲಿತಿದೆ? ಅದರ ಮಾತು ಕೇಳಿದ ಮೇಲೆ ‘ಒಲ್ಲೆ’ ಎನ್ನುವ ಹಕ್ಕು ಯಾರಿಗಿದೆ? ಸಕಲೇಶಪುರ, ಆಲೂರಿನ ಮಟ್ಟಿಗೆ ಉತ್ತರ ಕಷ್ಟದ್ದೇನಲ್ಲ. ಆನೆಯ ಸಂದೇಶ ಬಂದ ದಿನ ಕೆಲಸ ನಿಲ್ಲಲಿ, ಕೂಲಿ ನಿಲ್ಲದಿರಲಿ.