118ರ ಗದ್ದಲದಲ್ಲಿ ಓದದೇ ಉಳಿದ ಪುಟಗಳು

ಪ್ರತಿ ವರ್ಷ ಮಾರ್ಚ್ 20ರ ಆಸುಪಾಸಿಗೆ ಪತ್ರಿಕೆಗಳಲ್ಲಿ ಹೆಚ್ಚುಕಡಿಮೆ ಒಂದೇ ಸುದ್ದಿ ಅಚ್ಚಾಗುತ್ತದೆ: ಫಿನ್‌ಲೆಂಡ್ ಮತ್ತೆ ಮೊದಲು, ಭಾರತ ಮತ್ತೆ ಪಾಕಿಸ್ತಾನಕ್ಕಿಂತ ಹಿಂದೆ. 2025ರ ವಿಶ್ವ ಸಂತೋಷ ವರದಿಯಲ್ಲಿ 147 ದೇಶಗಳ ಪೈಕಿ ನಮ್ಮದು 118ನೇ ಸ್ಥಾನ, ಪಾಕಿಸ್ತಾನದ್ದು 109. ಎರಡು ದಿನ ಟಿವಿಯಲ್ಲಿ ಜಗಳ, ವಾಟ್ಸ್‌ಆ್ಯಪ್‌ನಲ್ಲಿ ಗೇಲಿ, ಮೂರನೇ ದಿನಕ್ಕೆ ಎಲ್ಲರಿಗೂ ಮರೆವು. ಬೈದವರೂ ಒಪ್ಪಿದವರೂ ವರದಿಯನ್ನು ತೆರೆದು ನೋಡಿರುವುದು ಕಡಿಮೆ.

ತೆರೆದು ನೋಡಿದರೆ, ಇಷ್ಟೆಲ್ಲ ಗದ್ದಲದ ರ‍್ಯಾಂಕ್ ಹುಟ್ಟುವುದು ಒಂದೇ ಒಂದು ಪ್ರಶ್ನೆಯಿಂದ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲಿರುವ ಏಣಿಯೊಂದನ್ನು ಊಹಿಸಿಕೊಳ್ಳಿ. ತುದಿಯಲ್ಲಿ ನಿಮಗೆ ಸಿಗಬಹುದಾದ ಅತ್ಯುತ್ತಮ ಬದುಕು, ಬುಡದಲ್ಲಿ ಅತಿ ಕೆಟ್ಟದ್ದು. ಈಗ ಎಲ್ಲಿ ನಿಂತಿದ್ದೀರಿ? ಗ್ಯಾಲಪ್ ಸಂಸ್ಥೆ ಹೆಚ್ಚಿನ ದೇಶಗಳಲ್ಲಿ ವರ್ಷಕ್ಕೆ ಸುಮಾರು ಸಾವಿರ ಜನರಿಗೆ ಹೀಗೆ ಕೇಳುತ್ತದೆ. ಮೂರು ವರ್ಷಗಳ ಉತ್ತರದ ಸರಾಸರಿಯೇ ಅಂಕ. ಫಿನ್‌ಲೆಂಡಿಗೆ 7.74, ನಮಗೆ 4.39. ತಲಾ ಆದಾಯ, ಆರೋಗ್ಯ, ಭ್ರಷ್ಟಾಚಾರ ಮುಂತಾದ ಆರು ಅಂಶಗಳನ್ನು ಕೂಡಿಸಿ ಅಂಕ ಕೊಡುತ್ತಾರೆಂದು ನಮ್ಮಲ್ಲಿ ಬರೆಯುವುದು ರೂಢಿಯಾಗಿಬಿಟ್ಟಿದೆ. ಅದು ತಪ್ಪು. ಅಂಕ ಬಂದಾದ ಮೇಲೆ, ಈ ದೇಶಕ್ಕೇಕೆ ಹೆಚ್ಚು ಆ ದೇಶಕ್ಕೇಕೆ ಕಡಿಮೆ ಎಂದು ಕಾರಣ ಹುಡುಕುವಾಗಷ್ಟೇ ಆ ಆರು ಅಂಶಗಳ ಪ್ರವೇಶ.

ಏಣಿ ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ಅವರದು, 1965ರಷ್ಟು ಹಳೆಯದು. ಏಣಿಯ ಮಾತೆತ್ತಿದರೆ ಜನರ ತಲೆಗೆ ಹಣ, ಅಧಿಕಾರ, ಅಂತಸ್ತುಗಳೇ ಬರುತ್ತವೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಜಾತಿ, ಜಮೀನು, ನೌಕರಿಗಳ ಮೇಲು-ಕೀಳಿನಲ್ಲೇ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮಂಡ್ಯ ಸೀಮೆಯಲ್ಲಿ ನಾಲೆ ನೀರು ಹರಿಯುವ ಗದ್ದೆಯಿದ್ದೂ, ಬೇಸಾಯಗಾರ ಎಂಬ ಕಾರಣಕ್ಕೆ ಹೆಣ್ಣು ಸಿಗದ ಯುವಕರಿದ್ದಾರೆ. 2023ರಲ್ಲಿ ಅಂಥವರು ಗುಂಪು ಕಟ್ಟಿಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೋದರು. ಅವರಲ್ಲೊಬ್ಬನನ್ನು ಈ ಪ್ರಶ್ನೆ ಕೇಳಿದರೆ ಅವನು ಹೇಳುವ ಮೆಟ್ಟಿಲು ಅವನ ಹೊಟ್ಟೆಬಟ್ಟೆಯ ಲೆಕ್ಕವಲ್ಲ. ಊರು ಅವನಿಗೆ ಕಟ್ಟಿದ ಬೆಲೆ. ಅದೂ ನೆಮ್ಮದಿಯ ಒಂದು ಭಾಗವೇ, ನಿಜ. ಆದರೆ ದೇಶದ ಸಂತೋಷವೆಲ್ಲ ಅದೇ ಎಂದು ಪಟ್ಟಿ ಕಟ್ಟುವುದು ಅತಿಯಾಯಿತು.

ಭೂತಾನ್ ತನ್ನ ಒಟ್ಟು ರಾಷ್ಟ್ರೀಯ ಸಂತೋಷವನ್ನು 33 ಸೂಚಕಗಳಲ್ಲಿ ಅಳೆಯುತ್ತದೆ. ದುಡಿಮೆ, ನಿದ್ದೆಯ ಗಂಟೆಗಳನ್ನೂ ಕೇಳುತ್ತದೆ. ಒಂದೇ ಪ್ರಶ್ನೆಯ ಏಣಿಗಿಂತ ಈ ಕ್ರಮ ಚೆನ್ನ. ಆದರೆ 1990ರ ದಶಕದ ಆರಂಭದಲ್ಲಿ ಆ ದೇಶ ಬಿಡಬೇಕಾಗಿ ಬಂದ, ನೇಪಾಳಿ ಮಾತಾಡುವ ಲಕ್ಷದಷ್ಟು ಜನರ ಉತ್ತರ ಆ ಲೆಕ್ಕಕ್ಕೆ ಬರುವುದಿಲ್ಲ.

ಹಾಗೆಂದು ವರದಿಯನ್ನು ಬದಿಗೆ ಸರಿಸುವಂತಿಲ್ಲ. ರ‍್ಯಾಂಕಿಗಾಗಿ ಗಲಾಟೆ ಮಾಡುವ ನಾವು ಓದಲೇಬೇಕಾದ್ದು ಅದರ ಒಳಪುಟಗಳಲ್ಲಿದೆ. ಗ್ಯಾಲಪ್ ಕೇಳುವ ಇನ್ನೊಂದು ಪ್ರಶ್ನೆ: ಕಷ್ಟ ಬಂದಾಗ ನೆಚ್ಚಿಕೊಳ್ಳಲು ನಿಮಗೆ ನೆಂಟರೋ ಗೆಳೆಯರೋ ಇದ್ದಾರೆಯೇ? ಫಿನ್‌ಲೆಂಡಿನಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಇದ್ದಾರೆ ಎನ್ನುತ್ತಾರೆ. ಭಾರತದಲ್ಲಿ ಇದು ಆರರ ಆಸುಪಾಸಿನಲ್ಲೇ ಸುಳಿದಾಡುತ್ತಿದೆ. ಪಶ್ಚಿಮದವರಿಗೆ ದುಡ್ಡಿದೆ, ನಮಗೆ ಸಂಬಂಧಗಳಿವೆ ಎಂಬ ಮಾತನ್ನು ಭಾಷಣಗಳಲ್ಲಿ ಎಷ್ಟು ಕೇಳಿಲ್ಲ! ರಾತ್ರಿ ಹೊತ್ತು ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ, ಬೆಳಗಾಗುವುದರೊಳಗೆ ಡಿಪಾಸಿಟ್ ಕಟ್ಟಿ ಎನ್ನಿಸಿಕೊಂಡವರಿಗೆ ಸಂಬಂಧದ ಅಳತೆ ಗೊತ್ತು. ಮೊಬೈಲಿನಲ್ಲಿ ಮುನ್ನೂರು ಹೆಸರಿದ್ದರೂ ಬೆರಳು ನಿಲ್ಲುವುದು ಒಂದೆರಡರ ಮೇಲೆ. ಅವರೂ ತಿಂಗಳ ಕೊನೆ ಕಣಯ್ಯಾ ಎನ್ನುತ್ತಾರೆ. ಕೊನೆಗೆ ಕೈಹಿಡಿಯುವುದು ಹೆಂಡತಿಯ ಸ್ವಸಹಾಯ ಸಂಘದ ಸಾಲವೋ, ಅಡವಿಟ್ಟ ಸರವೋ. ಮದುವೆಗೆ ಸಾವಿರ ಜನ ಸೇರಿದ್ದು ನಿಜ. ಅವರಲ್ಲಿ ನೆಚ್ಚಬಹುದಾದವರು ಎಷ್ಟು ಎಂಬುದಷ್ಟೇ ಈ ಪ್ರಶ್ನೆ.

2025ರ ವರದಿಯಲ್ಲಿ ಊಟದ ಬಗ್ಗೆಯೂ ಒಂದು ಅಧ್ಯಾಯವಿದೆ. ವಾರದ ಹದಿನಾಲ್ಕು ಹೊತ್ತಿನ ಊಟದಲ್ಲಿ ಎಷ್ಟನ್ನು ಗುರುತಿನವರೊಂದಿಗೆ ಉಂಡಿರಿ ಎಂದು ಕೇಳಿದ್ದಾರೆ. ಜೊತೆಯಲ್ಲಿ ಉಣ್ಣುವವರ ನೆಮ್ಮದಿ ಹೆಚ್ಚಿರುವುದು ದೇಶ ದೇಶಗಳಲ್ಲೂ ಕಂಡಿದೆ. ಲ್ಯಾಟಿನ್ ಅಮೆರಿಕದವರು ಮುಂದೆ. ಕಟ್ಟಕಡೆಯಲ್ಲಿರುವುದು ನಮ್ಮ ದಕ್ಷಿಣ ಏಷ್ಯಾ. ಪಂಕ್ತಿಭೋಜನದ ನಾಡಿನಲ್ಲಿ ಹೀಗೇಕೆ? ಬೆಂಗಳೂರಿನ ಪಿಜಿಗಳಲ್ಲಿ ಫೋನಿನ ಮುಂದೆ ಪಾರ್ಸೆಲ್ ಬಿಚ್ಚುವ ಹುಡುಗರತ್ತ ಬೆರಳು ತೋರಿಸುವುದು ಸುಲಭ. ನಾನಾದರೆ ಮೊದಲು ಅಡುಗೆಮನೆಗೆ ಹೋಗುತ್ತೇನೆ. ಮಾವನಿಗೆ, ಗಂಡನಿಗೆ, ಮಕ್ಕಳಿಗೆ ಬಿಸಿ ಮುದ್ದೆ ಬಡಿಸಿ, ಒಲೆ ಒರೆಸಿ, ಆರಿದ ಸಾರಿನ ಪಾತ್ರೆ ಬಗ್ಗಿಸಿಕೊಂಡು ಒಬ್ಬಳೇ ಉಣ್ಣುವ ಹೆಣ್ಣುಮಗಳು ಎಷ್ಟು ಮನೆಗಳಲ್ಲಿ ಇಲ್ಲ? ಮನೆ ತುಂಬ ಜನರಿದ್ದೂ ಅವಳ ಊಟ ಒಂಟಿ. ವರದಿ ಇಷ್ಟು ಒಳಗೆ ಇಳಿಯುವುದಿಲ್ಲ. ಒಂಟಿ ಊಟವನ್ನು ಎಣಿಸುತ್ತದೆ. ಯಾರು ಯಾರಿಗೆ ಬಡಿಸಿದ ಮೇಲೆ ಒಂಟಿಯಾದರು ಎಂದು ಕೇಳುವುದಿಲ್ಲ. ನನ್ನ ಪ್ರಕಾರ ಏಣಿಗಿಂತಲೂ ದೊಡ್ಡ ಕೊರತೆ ಇದು.

ಕರ್ನಾಟಕ ತನ್ನದೇ ಮಾನವ ಅಭಿವೃದ್ಧಿ ವರದಿಯನ್ನು 1999ರಲ್ಲೇ ತಂದ ರಾಜ್ಯ. ಆಯುಸ್ಸು, ಓದು, ಆದಾಯಗಳ ಲೆಕ್ಕದಲ್ಲಿ ಕಲಬುರಗಿ ಸೀಮೆ ಎಷ್ಟು ಹಿಂದಿದೆ ಎಂದು ಹೇಳುವುದನ್ನು ನಾವಾಗಲೇ ಕಲಿತಿದ್ದೇವೆ. ಮುಂದಿನ ವರದಿಗೆ ಎರಡೇ ಪ್ರಶ್ನೆ ಸೇರಿಸಿ: ಕಷ್ಟಕ್ಕೆ ಯಾರಿದ್ದಾರೆ? ನಿನ್ನೆ ಯಾರ ಜೊತೆ ಉಂಡಿರಿ? ಉತ್ತರವನ್ನು ಮನೆಯ ಯಜಮಾನನ ಬಾಯಲ್ಲಿ ಬರೆದುಕೊಳ್ಳಬೇಡಿ. ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಿ.