ಮೌಲ್ಯಬೋಧೆಗೆ ಮೊದಲು ಕೃಪೆ: ಕವಲ್ಲೆತ್ತಿಯವರ ಶಿಶುಬೋಧನಾಕ್ರಮ

ಬೈಬಲ್ ವಿದ್ವಾಂಸೆ ಸೋಫಿಯಾ ಕವಲ್ಲೆತ್ತಿಯವರು 1954ರಲ್ಲಿ ರೋಮ್ ನಗರದಲ್ಲಿ, ಮಾಂಟೆಸ್ಸರಿ ಶಿಕ್ಷಕಿ ಜಾನ್ನಾ ಗೊಬ್ಬಿಯವರೊಡನೆ ಆರಂಭಿಸಿದ ‘ಒಳ್ಳೆಯ ಕುರುಬನ ಬೋಧನೆ’ಯು ಮೂರರಿಂದ ಆರು ವರ್ಷದ ಮಕ್ಕಳಿಗೆ ನೀತಿಪಾಠವನ್ನು ಮೊದಲು ಹೇಳುವುದಿಲ್ಲ. ಯೋಹಾನ 10ರ ಸಾಮ್ಯವನ್ನು ಪುಟ್ಟ ಕುರುಬ, ಕುರಿ, ಹಟ್ಟಿಗಳ ಮೂಲಕ ಅವರ ಮುಂದಿಡುತ್ತದೆ. ಆ ಕುರಿಗಳು ಯಾರೆಂಬುದನ್ನು ಬೋಧಕರು ಹೇಳಿಬಿಡುವುದಿಲ್ಲ; ಮಗುವೇ ಕಂಡುಕೊಳ್ಳಬೇಕು. ನಡತೆಯನ್ನು ಕುರಿತ ಸಾಮ್ಯಗಳು ಆರು ವರ್ಷದ ನಂತರ ಬರುತ್ತವೆ.

ಈ ಅನುಕ್ರಮವು ಬೋಧನಾತಂತ್ರ ಮಾತ್ರವಲ್ಲ, ದೈವಶಾಸ್ತ್ರವೂ ಹೌದು. ವಿಮೋಚನಕಾಂಡ 20ರಲ್ಲಿಯೂ ಬಿಡುಗಡೆಯ ಮಾತು ಆಜ್ಞೆಗಳಿಗಿಂತ ಮುಂದಿದೆ. ದಾನಿಯೇಲನನ್ನು ಧೈರ್ಯದ ಪಾಠವಾಗಿಯೂ, ಐದು ರೊಟ್ಟಿಗಳ ಹುಡುಗನನ್ನು ಹಂಚಿಕೊಳ್ಳುವಿಕೆಯ ಪಾಠವಾಗಿಯೂ ಮುಗಿಸುವ ಭಾನುವಾರ ಶಾಲೆಯಲ್ಲಿ ಮೌಲ್ಯವು ಉಳಿಯುತ್ತದೆ. ಕಾರ್ಯನಡಿಸಿದ ದೇವರು ಮರೆಯಾಗುತ್ತಾನೆ.

ಆದರೂ ಈ ಕ್ರಮವನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ನಾಲ್ಕು ವರ್ಷದ ಮಗು ತನ್ನ ಜೊತೆಗಾರನನ್ನು ಹೊಡೆಯುವುದಕ್ಕೆ ಆರನೆಯ ವರ್ಷವನ್ನು ಕಾಯುವುದಿಲ್ಲ. ನಮ್ಮ ನಾಡಿನಲ್ಲಂತೂ ಯಾರ ಮಗುವಿನೊಡನೆ ಊಟಕ್ಕೆ ಕೂಡಬಾರದೆಂಬುದನ್ನು ಅದು ಅಷ್ಟರಲ್ಲೇ ಮನೆಯಲ್ಲಿ ಕಲಿತಿರಬಹುದು. ಆಗ ಬೋಧಕರ ಮೌನವು ಆ ಪಾಠಕ್ಕೆ ಒಪ್ಪಿಗೆಯಾಗುತ್ತದೆ.

ಇದಕ್ಕೆ ಪರಿಹಾರವು ಹೊಸ ನಿಯಮಪಟ್ಟಿಯಲ್ಲ, ಅದೇ ಸಾಮ್ಯ. ಕುರುಬನು ಪಕ್ಕದ ಕುರಿಯ ಹೆಸರನ್ನೂ ಬಲ್ಲನು. ಈ ಮಾತನ್ನು ಮಗುವಿಗೆ ಆರು ವರ್ಷಕ್ಕೆ ಮೊದಲೇ ಕೇಳಿಸಬೇಕು. ಆಜ್ಞೆಯಾಗಿ ಅಲ್ಲ, ಸುವಾರ್ತೆಯಾಗಿ. ಸಭಾಪಾಲನೆಗೆ ಸಿದ್ಧರಾಗುವವರು ಶಿಶುವರ್ಗವನ್ನು ಇತರರಿಗೆ ಬಿಟ್ಟುಕೊಡದಿರುವುದಕ್ಕೆ ಇಷ್ಟೇ ಕಾರಣ ಸಾಕು.